ಪಯೊನಿಯರ್ ಮಜ್ಜಿಗೆಹುಳಿ

ಗಂಡಸಿಗೆ ಕೆಲಸ ಹೋದ ಮೇಲೆಯೇ ಮನೆಗೆಲಸ ಕಣ್ಣಿಗೆ ಬೀಳುವುದು. ಅದುವರೆಗೆ ಪಾತ್ರೆಗಳು ತಾವೇ ತೊಳೆದುಕೊಂಡು, ಬಟ್ಟೆಗಳು ತಾವೇ ಮಡಿಸಿಕೊಂಡು ಕಪಾಟು ಸೇರುತ್ತವೆ ಎಂದೇ ನಾನು ನಂಬಿದ್ದೆ. ರಿಸೆಶನ್ ಬಂದು ಎಲ್ಕ್ ಗ್ರೋವ್ ವಿಲೇಜಿನ ನಮ್ಮ ಆಫೀಸಿನಿಂದ ಅರ್ಧ ಜನರನ್ನು ಮನೆಗೆ ಕಳಿಸಿದರಲ್ಲ, ಆಗ ಈ ನಂಬಿಕೆಯೂ ಹೋಯಿತು. ಹೆಂಡತಿ ಸುಮಾ ಬೆಳಿಗ್ಗೆ ಓಕ್ ಬ್ರೂಕಿನ ಕ್ಲಿನಿಕ್ಕಿಗೆ ಹೊರಟರೆ ಪೊರಕೆ, ಸೌಟು, ಲಾಂಡ್ರಿ ಎಲ್ಲಕ್ಕೂ ನಾನೇ ಒಡೆಯ.

ನಾಲ್ಕನೇ ಕ್ಲಾಸಿನ ಮಗಳು ಅದಿತಿಗೆ ಮಾತ್ರ ವಿಷಯ ಹೇಳಿರಲಿಲ್ಲ. ಅಪ್ಪನದು ವರ್ಕ್ ಫ್ರಮ್ ಹೋಮ್ ಎಂದಿದ್ದೆವು. ಅವಳಿಗೆ ಗೊತ್ತಾದರೆ ಭಾನುವಾರದ ಕನ್ನಡ ಶಾಲೆಗೆಲ್ಲ ಗೊತ್ತಾಗುತ್ತದೆ ಎಂದು ಸುಮಾಳ ಮುಂದೆ ನೆಪ ಹೇಳಿದ್ದೆ. ನಿಜವೆಂದರೆ, ಮಗಳ ಕಣ್ಣಲ್ಲಿ ಚಿಕ್ಕವನಾಗಲು ನನಗೆ ಭಯ. ದಿನಾ ಊಟಕ್ಕೆ ಕೂತಾಗ ಅವಳು "ಹೌ ವಾಸ್ ವರ್ಕ್, ಅಪ್ಪಾ?" ಎನ್ನುವಳು. ನಾನು ಗಂಭೀರವಾಗಿ "ತುಂಬಾ ಬಿಜಿ ಕಣೇ" ಎನ್ನುವೆ. ಸುಮಾ ಸಾರಿನ ಪಾತ್ರೆಯೊಳಗೆ ಏನೋ ಹುಡುಕುವಳು.

ಹೀಗಿರುವಾಗ ಅದಿತಿಯ ಕ್ಲಾಸನ್ನು ಹಳೇ ಕಾಲದ ಫಾರ್ಮ್ ಒಂದಕ್ಕೆ ಕರೆದೊಯ್ದರು. ಗಾಡಿ ಕಟ್ಟಿಕೊಂಡು ಬಂದು ಈ ಬಯಲಲ್ಲಿ ಮನೆ ಹೂಡಿದ ಪಯೊನಿಯರ್ ಜನ ಹೇಗೆ ಬಟ್ಟೆ ಒಗೆದರು, ಹೇಗೆ ಮೇಣದಬತ್ತಿ ಎರೆದರು ಎಂದು ಮಾಡಿ ತೋರಿಸುವ ಜಾಗ. ಜೊತೆಗೆ ಹೋಗಲು ವಾರದ ನಡುವೆ ಬಿಡುವಿದ್ದ ಅಪ್ಪ ನಾನೊಬ್ಬನೇ. ಉದ್ದ ಲಂಗ ತೊಟ್ಟ ಬಿಳಿ ಅಜ್ಜಿಯೊಬ್ಬರು ಕೆನೆ ತುಂಬಿದ ಮರದ ಪೀಪಾಯಿ ತಂದಿಟ್ಟು, ಕಡೆಯಲು ಯಾರು ಬರುತ್ತೀರಿ ಎಂದರು. ಮೈಸೂರಿನವನಿಗೆ ಬೆಣ್ಣೆ ತೆಗೆಯುವುದನ್ನು ಹೇಳಿಕೊಡಬೇಕೆ? ನುಗ್ಗಿದೆ. ಅಮ್ಮ ಕಡೆಯುವಾಗ ಪಕ್ಕದಲ್ಲಿ ಕೂತು ಬೆಣ್ಣೆ ನೆಕ್ಕಿದ್ದಷ್ಟೇ ನನ್ನ ಅನುಭವ ಎಂಬುದು ತೋಳು ಬಿದ್ದುಹೋಗುವ ಹೊತ್ತಿಗೆ ನೆನಪಾಯಿತು.

ಅಂತೂ ಬೆಣ್ಣೆ ಬಂತು. ಅಜ್ಜಿ ಉಳಿದ ಮಜ್ಜಿಗೆಯನ್ನು ಹಂದಿಗಳ ಬಕೆಟ್ಟಿಗೆ ಸುರಿಯಹೊರಟರು. "ಅಯ್ಯಯ್ಯೋ!" ಎಂದು ಅಚ್ಚಗನ್ನಡದಲ್ಲೇ ಕೂಗಿ ಕೈ ಅಡ್ಡ ಹಿಡಿದೆ. ಮಜ್ಜಿಗೆ ಚೆಲ್ಲುವುದೆಂದರೇನು! ನೀರಿನ ಬಾಟಲಿ ಖಾಲಿ ಮಾಡಿ ತುಂಬಿಸಿಕೊಂಡೆ.

ಆಗ ಹುಡುಗಿಯೊಬ್ಬಳು, ಆ ಕಾಲದ ಅಪ್ಪಂದಿರು ಆಫೀಸಿಗೆ ಹೋಗುತ್ತಿರಲಿಲ್ಲವೇ ಎಂದು ಕೇಳಿದಳು. ಇಲ್ಲ, ದಿನವಿಡೀ ಮನೆಯಲ್ಲೇ ದುಡಿಯುತ್ತಿದ್ದರು ಎಂದರು ಅಜ್ಜಿ. "ಲೈಕ್ ಮೈ ಡ್ಯಾಡ್," ಎಂದಳು ಅದಿತಿ. ಅವನ ಜಾಬ್ ಹೋಯಿತು, ಈಗ ಮನೆಯಲ್ಲಿ ಎಲ್ಲವನ್ನೂ ಅವನೇ ಮಾಡುತ್ತಾನೆ ಎಂದು ಇಂಗ್ಲಿಷಿನಲ್ಲಿ ಸಲೀಸಾಗಿ ಸೇರಿಸಿದಳು. ನನಗೆ ಆ ಪೀಪಾಯಿಯೊಳಗೆ ಇಳಿದುಬಿಡೋಣ ಅನ್ನಿಸಿತು.

ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದೆ: "ನಿಂಗೆ ಹೇಗೆ ಗೊತ್ತಾಯ್ತು ಪುಟ್ಟಿ?"

"ಯುವರ್ ಆಫೀಸ್ ಗಣಪತಿ ಕೇಮ್ ಹೋಮ್."

ಹೌದಲ್ಲ! ಕಂಪ್ಯೂಟರಿನ ಪಕ್ಕ ಇಟ್ಟುಕೊಂಡಿದ್ದ ಹೆಬ್ಬೆರಳುದ್ದದ ಗಣಪತಿಯನ್ನು ಕೆಲಸ ಹೋದ ದಿನವೇ ತಂದು ಅಡುಗೆಮನೆಯ ಕಿಟಕಿಯಲ್ಲಿ ಕೂರಿಸಿದ್ದೆ. ದೇವರಿಗಾದರೂ ಸುಳ್ಳು ಹೇಳಿಕೊಡಬೇಕಿತ್ತು.

"ಮತ್ತೆ ದಿನಾ ವರ್ಕ್ ಹೇಗಿತ್ತು ಅಂತ ಯಾಕೆ ಕೇಳ್ತಿದ್ದೆ?"

"ಯೂ ಲೈಕ್ ಸೇಯಿಂಗ್ ಬಿಜಿ," ಎಂದಳು. ನಾನು ತಿರುಗಬೇಕಾದ ಎಕ್ಸಿಟ್ ತಪ್ಪಿಸಿಕೊಂಡೆ.

ಸಂಜೆ ಆ ಮಜ್ಜಿಗೆಗೆ ಬೂದುಗುಂಬಳ ಹಾಕಿ ಮಜ್ಜಿಗೆಹುಳಿ ಮಾಡಿದೆ. ಸುಮಾ ಒಂದು ತುತ್ತು ತಿಂದು, "ಏನ್ರೀ ಇದು, ಪಾಯಸನಾ? ಹೆಪ್ಪು ಹಾಕದೆ ಹಸಿ ಕೆನೆ ಕಡೆದ್ರೆ ಮಜ್ಜಿಗೆ ಸಪ್ಪೆಯಾಗೇ ಇರತ್ತೆ, ಅಷ್ಟೂ ಗೊತ್ತಾಗಲ್ವಾ?" ಎಂದು ತಟ್ಟೆ ಸರಿಸಿದಳು.

ಅದಿತಿ ಎಂದಿನಂತೆ ಕೇಳಿದಳು: "ಹೌ ವಾಸ್ ವರ್ಕ್, ಅಪ್ಪಾ?"

"ಕೆಲಸ ಇನ್ನೂ ಸಿಕ್ಕಿಲ್ಲ ಮಗಳೇ. ಅಡುಗೆನೂ ಕೆಡಿಸಿದೆ," ಎಂದೆ. ಅಷ್ಟು ದಿನಗಳಲ್ಲಿ ಆ ಊಟದ ಮೇಜಿನ ಮೇಲೆ ನಾನು ಆಡಿದ ಮೊದಲ ನಿಜ ಅದು.

"ನೋ, ಇಟ್ಸ್ ಯಮ್ಮಿ," ಎಂದು ಅವಳು ಇನ್ನೊಂದು ಸೌಟು ಹಾಕಿಸಿಕೊಂಡಳು.

ನಾನೂ ಒಂದು ತುತ್ತು ತಿಂದು ನೋಡಿದೆ. ಸುಳ್ಳು ಹೇಳುವುದರಲ್ಲಿ ಮಗಳು ನನ್ನನ್ನು ಮೀರಿಸಿದ್ದಾಳೆ.