ಅಜ್ಜಿಯ ಪಕ್ಕದಲ್ಲಿ ಒಂಬತ್ತು ಮಾನಿಟರ್

ಕಂಪ್ಯೂಟರಿನ ಮಾನಿಟರ್ ಕೊಳ್ಳಲು ಹೆತ್ತ ತಾಯಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಹೋದ ಮಹಾನುಭಾವ ಈ ಭೂಮಿಯ ಮೇಲೆ ಒಬ್ಬನೇ ಇರಬೇಕು. ಆತ ನನಗೆ ಕಾಕಾ ಆಗಬೇಕು!

ಕಾಕಾನದು ಹಳಿಯಾಳದಲ್ಲಿ ಫೋಟೋ ಸ್ಟುಡಿಯೋ. ಜೋಯಿಡಾದಿಂದ ಮುಂಡಗೋಡದವರೆಗೆ ಮದುವೆ ಫೋಟೋಗಳಿಗೆ ಅವನೇ ಬೇಕು. ಆದರೆ ಮನೆಯಲ್ಲಿ ಅವನ ತಾಯಿಯದೇ, ಅಂದರೆ ನಮ್ಮ ಅಜ್ಜಿಯದೇ, ಒಂದು ಫೋಟೋ ಇರಲಿಲ್ಲ. ನಾವು ಸಿದ್ದಿಗಳು, ಆಫ್ರಿಕಾ ಮೂಲದ ಕಡುಗಪ್ಪು ಮೈಬಣ್ಣದವರು. ನಮ್ಮ ಮುಖ ಕಂಡರೆ ಫೋಟೋದವರಿಗೆ ಅದೇನು ಕನಿಕರವೋ, ಕೇಳದೆಯೇ ಬೆಳ್ಳಗೆ ಮಾಡಿ ಕೊಡುತ್ತಾರೆ! ಅಂಥವನ್ನೆಲ್ಲ ಅಜ್ಜಿ ತನಗೆ ಗುರುತಿಲ್ಲದ ಯಾರೋ ಹೆಂಗಸು ಎಂದು ಮರಳಿಸಿಬಿಟ್ಟಿದ್ದಳು. ತಾಯಿ ಒಪ್ಪುವಂಥ ಒಂದೇ ಒಂದು ಫೋಟೋ ಮಾಡಬೇಕೆಂಬ ಹುಚ್ಚು ಕಾಕಾನ ತಲೆಗೆ ಹತ್ತಿದ್ದು ಹಾಗೆ. ತನ್ನ ಹಳೆಯ ಮಾನಿಟರ್ ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆ ಎಂಬುದು ಅವನ ಗುಮಾನಿ.

ಹುಬ್ಬಳ್ಳಿಯ ಅಂಗಡಿಯವನು ಒಂದೊಂದು ಮಾನಿಟರಿನಲ್ಲೂ ಗಿಣಿ, ಹೂವು, ಜಲಪಾತ ಕುಣಿಸಿದನಂತೆ. ಕಾಕಾ ತಾನೇ ತೆಗೆದ ಅಜ್ಜಿಯ ಫೋಟೋ ಇದ್ದ ಪೆನ್‌ಡ್ರೈವ್ ಮುಂದೆ ಹಿಡಿದು, "ಗಿಣಿ ಬ್ಯಾಡ್ರಿ, ನಮ್ಮವ್ವನ್ನ ತೋರಸ್ರಿ" ಎಂದನಂತೆ. ಆಮೇಲೆ ಒಂದೊಂದರ ಪಕ್ಕಕ್ಕೂ ಅಜ್ಜಿಯ ಕುರ್ಚಿ ಸರಿಸಿ, ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ್ದೇ ನೋಡಿದ್ದು. ಕನ್ಯಾ ನೋಡಲು ಬಂದವರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ! ಒಂಬತ್ತನೆಯದು ಪಾಸಾಯಿತು. ಅಷ್ಟರಲ್ಲಿ ಅಜ್ಜಿ ಅಂಗಡಿಯವನ ಮೂರು ಕಪ್ ಚಹಾ ಮುಗಿಸಿದ್ದಳು.

ಊರಿಗೆ ಬಂದವನೇ ಕಾಕಾ ಎಡಿಟಿಂಗ್ ಕೋಣೆಗೆ ಬೂದಿ ಬಣ್ಣ ಬಳಿಸಿದ. ಬಣ್ಣದ ಗೋಡೆ ಕಣ್ಣಿಗೆ ಮೋಸ ಮಾಡುತ್ತದಂತೆ. ಕೆಂಪು ಸೀರೆ ಉಟ್ಟ ಕಾಕಿಗೂ ಪ್ರವೇಶ ಬಂದ್. "ಹಂಗಾದ್ರ ರೊಟ್ಟಿನೂ ಒಳಗ ಬರೂದಿಲ್ಲ" ಎಂದು ಕಾಕಿ ಹೊಸ್ತಿಲಾಚೆಯಿಂದಲೇ ತೀರ್ಪು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಕಾಯ್ದೆ ಸಡಿಲಾಯಿತು.

ಇಷ್ಟೆಲ್ಲ ಮಾಡಿಯೂ ಮೊದಲ ಪ್ರಿಂಟ್ ಕತ್ತಲೋ ಕತ್ತಲು. ಮಾನಿಟರ್ ಅಂಗಡಿಯಲ್ಲಿದ್ದ ಪೂರ್ತಿ ಬೆಳಕಿನಲ್ಲೇ ಉರಿಯುತ್ತಿತ್ತು, ಕಾಕಾ ಆ ಬೆಳಕನ್ನು ತಗ್ಗಿಸಿರಲೇ ಇಲ್ಲ. ಪರದೆಯ ಮೇಲೆ ಸರಿಯಾಗಿ ಕಂಡದ್ದು ಕಾಗದದ ಮೇಲೆ ಕಪ್ಪಿಟ್ಟಿತ್ತು. ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಅವರು ನನಗ ಸುಣ್ಣಾ ಬಳದ್ರು, ನೀ ಕರೆಂಟ ತಗದಿ" ಎಂದಳು.

ಆಗ ಬಂತು ಬಣ್ಣ ಅಳೆಯುವ ಯಂತ್ರ. ಅಂಗೈಯಷ್ಟಿರುವ ಅದನ್ನು ಪರದೆಯ ಮೇಲೆ ಇಳಿಬಿಟ್ಟರೆ, ಒಂದೊಂದೇ ಬಣ್ಣ ಮೂಡಿಸಿ, ಎಲ್ಲಿ ಹೆಚ್ಚುಕಡಿಮೆಯಾಗಿದೆಯೆಂದು ಅಳೆದು ತಿದ್ದುತ್ತದೆ. ಅದಕ್ಕೂ ಮುಂಚೆ ಮಾನಿಟರ್ ಅರ್ಧ ಗಂಟೆ ಬಿಸಿಯಾಗಬೇಕು. ಜ್ವರ ಎಷ್ಟಿದೆಯೆಂದು ಅಜ್ಜಿ ಎರಡು ಸಲ ವಿಚಾರಿಸಿದಳು.

ಹೊಸ ಪ್ರಿಂಟ್ ಬಂದ ದಿನ ಕಾಕಾ ಅದನ್ನು ಅಜ್ಜಿಯ ಕೈಗಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಬಂದವನ ಹಾಗೆ ಕಿಟಕಿಯ ಕಡೆ ತಿರುಗಿ ನಿಂತ. ಅಜ್ಜಿ ಅದನ್ನೂ ಬಾಗಿಲ ಬೆಳಕಿಗೆ ಹಿಡಿದಳು. ಫೋಟೋದ ಕೆನ್ನೆಯ ಮೇಲೆ ಬೆರಳಾಡಿಸಿದಳು.

"ಇಕಿ ನಾ ಅಲ್ಲ" ಎಂದಳು.

ಕಾಕಾನ ಮುಖ ಇಳಿದುಹೋಯಿತು.

"ನಮ್ಮವ್ವ ಇಕಿ. ಥೇಟ್ ಹಿಂಗ ಇದ್ಲು."

ನಮ್ಮ ಮುತ್ತಜ್ಜಿ ಜೀವಮಾನದಲ್ಲಿ ಒಮ್ಮೆಯೂ ಕ್ಯಾಮೆರಾದ ಮುಂದೆ ನಿಂತವಳಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಬಣ್ಣದ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ಕಾಕಾ ತಾಯಿಯ ಪಕ್ಕ ನೆಲದ ಮೇಲೆ ಕೂತು, ತಾನು ಎಂದೂ ಕಂಡಿರದ ತನ್ನ ಅಜ್ಜಿಯನ್ನು ಆ ಫೋಟೋದಲ್ಲಿ ನೋಡುತ್ತಲೇ ಇದ್ದ.