ಗೆದ್ದಲು ತಿಂದ ಕಥೆಯೂ ನಮ್ಮ ಮಾಮನೂ

ನಮ್ಮ ಸೋದರಮಾವನಿಗೆ ಮಲಯ್ ಭಾಷೆಯ ಒಂದಕ್ಷರವೂ ಬಾರದು. ಆದರೂ ನಾವಿರುವ ಈ ಪರದೇಶದ ಊರು ಫೋರ್ಟ್ ಲೀಯಲ್ಲಿ ಅವರಷ್ಟು ಮಲಯ್ ಹಸ್ತಪ್ರತಿ ನೋಡಿದವರು ಇನ್ನೊಬ್ಬರಿಲ್ಲವೆಂದು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ! ರಿಟೈರ್ ಆದ ಮೇಲೆ ಬೇರೆ ಅಂಕಲ್‌ಗಳು ಗಾಲ್ಫ್ ಕಲಿತರು, ಸ್ಟಾಕ್ ಮಾರ್ಕೆಟ್ಟಿನಲ್ಲಿ ಕೈ ಸುಟ್ಟುಕೊಂಡರು. ನಮ್ಮ ಮಾಮ ಇದಕ್ಕೆ ಬಿದ್ದರು.

ಶುರುವಾದದ್ದು ಪಕ್ಕದ ಫ್ಲ್ಯಾಟಿನ ಮಲೇಷ್ಯಾದ ಆಂಟಿಯಿಂದ. ಮಾಮನಿಗಿಂತ ಹಿರಿಯರು, ಹಾಗಾಗಿ ಮಾಮನ ಬಾಯಲ್ಲಿ ಅವರು ‘ಅಕ್ಕ’. ಆಂಟಿ ಚಿಕ್ಕವರಿದ್ದಾಗ ಅವರಪ್ಪ ಮನೆಯ ಕೈಬರಹದ ಪುಸ್ತಕ ಬಿಚ್ಚಿ ಒಬ್ಬ ನಾವಿಕನ ಕಥೆ ಹಾಡುತ್ತಿದ್ದರಂತೆ. ಹಡಗು ಬಿರುಗಾಳಿಗೆ ಸಿಕ್ಕುವಲ್ಲಿಗೆ ಹಾಡು ನಿಂತುಹೋಗುತ್ತಿತ್ತು. ಮುಂದಿನ ಹಾಳೆಗಳನ್ನು ಗೆದ್ದಲು ತಿಂದಿತ್ತು! ನಾವಿಕ ಏನಾದ? ಅಪ್ಪನಿಗೂ ಗೊತ್ತಿರಲಿಲ್ಲ. ಈಗ ಆಂಟಿಯ ಕಣ್ಣು ಮಂಜಾಗುತ್ತಿದೆ. ಪೂರ್ತಿ ಹೋಗುವ ಮೊದಲು ಆ ಕೊನೆಯನ್ನು ಓದಬೇಕೆಂಬುದೊಂದೇ ಅವರ ಆಸೆ.

“ಅಷ್ಟೇ ತಾನೇ?” ಎಂದರು ಮಾಮ.

ಎಲ್ಲೆಲ್ಲಿಯದೋ ಲೈಬ್ರರಿಗಳು ಹಳೆಯ ಮಲಯ್ ಹಸ್ತಪ್ರತಿಗಳ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿವೆ. ಮಾಮ ಮೊದಲ ದಿನವೇ ಒಂದು ಲೈಬ್ರರಿಗೆ ಇಮೇಲ್ ಬರೆದರು: ನಿಮ್ಮ ಪುಟಗಳೆಲ್ಲ ಹಿಂದುಮುಂದಾಗಿವೆ, ಸರಿಯಾದ ಕ್ರಮ ಲಗತ್ತಿಸಿದ್ದೇನೆ. ಅರಬ್ಬಿ ಅಕ್ಷರದ ಆ ಲಿಪಿಯನ್ನು ಬಲದಿಂದ ಎಡಕ್ಕೆ ಓದುತ್ತಾರೆಂದು ಬಹಳ ವಿನಯದ ಉತ್ತರ ಬಂತು. ಆಮೇಲೆ ಕೆಲವು ದಿನ ಮಾಮ ಇಮೇಲನ್ನೇ ತೆರೆಯಲಿಲ್ಲ.

ಕ್ಯಾಟಲಾಗಿನಲ್ಲಿ ಕಥೆಗಳ ಹೆಸರು ಅರೆಬರೆ. ಸರಿ, ಆಂಟಿಗೆ ನೆನಪಿದ್ದ ಹಾಡಿನ ಮೊದಲ ಸಾಲನ್ನು ಅವರ ಕೈಯಲ್ಲೇ ದಪ್ಪಗೆ ಬರೆಸಿ ಮಾನಿಟರಿನ ಪಕ್ಕ ಅಂಟಿಸಿಕೊಂಡರು. ಒಂದೊಂದೇ ಪುಸ್ತಕದ ಮೊದಲ ಪುಟ ತೆರೆದು ಅಕ್ಷರದ ಡೊಂಕಿಗೆ ಡೊಂಕು ಹೊಂದಿಸುವುದು! ಅದೂ ಕೈ ತೊಳೆದು ಒರೆಸಿಕೊಂಡು. ನಾನು ಕಾಫಿ ಹಿಡಿದು ರೂಮಿಗೆ ಹೋದರೆ ಗದರಿದರು.

“ಆಚೆ ಇಡೇ. ಎಷ್ಟು ಹಳೇ ಹಾಳೆ ಗೊತ್ತಾ?”

“ಮಾಮ, ಅದು ಸ್ಕ್ರೀನು.”

“ಹಾಗಂತ ಕಾಫಿ ಚೆಲ್ತೀಯಾ? ಆ ಕರ್ಟನ್ ಎಳಿ ಮೊದ್ಲು, ಬಿಸಿಲಿಗೆ ಇಂಕ್ ಮಾಸುತ್ತೆ.”

ಕಿಟಕಿ ತುಂಬ ನದಿಯ ಸೇತುವೆ ಕಾಣುತ್ತದೆಂದೇ ಆ ಫ್ಲ್ಯಾಟ್ ಹಿಡಿದಿದ್ದ ಅತ್ತೆ ಪಾಪ, ಕರ್ಟನ್ ನೋಡಿಕೊಂಡು ಕೂತರು.

ಹೋದ ತಿಂಗಳು ಡೊಂಕಿಗೆ ಡೊಂಕು ಕೂತೇಬಿಟ್ಟಿತು. ಮಾಮ ಬರಿಗಾಲಲ್ಲೇ ಓಡಿ ಆಂಟಿಯನ್ನು ಕರೆತಂದು, ಅಕ್ಷರ ಒಂದೊಂದೂ ಇಡ್ಲಿಯಷ್ಟಾಗುವವರೆಗೆ ಕೊನೆಯ ಪುಟಗಳನ್ನು ಜೂಮ್ ಮಾಡಿದರು. ಆಂಟಿ ಸ್ಕ್ರೀನಿಗೆ ಮೂಗು ತಾಗಿಸಿಕೊಂಡು ಓದಿದರು; ಓದು ತಾನಾಗಿಯೇ ಹಾಡಾಯಿತು. ನಮಗೆ ಒಂದು ಪದವೂ ತಿಳಿಯಲಿಲ್ಲ. ಹಾಡು ಮುಗಿದಾಗ ಅವರ ಕೆನ್ನೆ ಒದ್ದೆಯಾಗಿತ್ತು.

“ಅವನು ಮನೆಗೆ ಬಂದ,” ಎಂದರು ಇಂಗ್ಲಿಷಿನಲ್ಲಿ. “ನಮ್ಮಪ್ಪನಿಗೆ ಗೊತ್ತಾಗಲೇ ಇಲ್ಲ.”

ಮಾಮ ತಮ್ಮ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತರು.

“ಇನ್ನೊಂದು ಸಲ ಹಾಡಿ ಅಕ್ಕ,” ಎಂದರು. “ನಿಮ್ಮಪ್ಪನಿಗೂ ಕೇಳಲಿ.”