ಆರ್ಡರ್ 4416: ನನ್ನ ಅಪ್ಪ

ಇಂದ:
ಲೇಖಕ ಸಂಖ್ಯೆ 27,
ಪ್ರಬಂಧ ವಿಭಾಗ (ಮನೆಯಿಂದಲೇ ಕೆಲಸ)

ಗೆ:
ವ್ಯವಸ್ಥಾಪಕರು,
ಶೂ, ಚೀಲ ಹಾಗೂ ಸಿದ್ಧ ಪ್ರಬಂಧಗಳ ಆನ್‌ಲೈನ್ ಮಳಿಗೆ

ವಿಷಯ: ನಾನು ಮಾಡುವ ಕೆಲಸ ಯಾವುದೆಂದು ಸ್ವಂತ ಮಗಳಿಗೆ ತಿಳಿಸಲು ಅನುಮತಿ ಕೋರಿ.

ಉಲ್ಲೇಖ: ನೇಮಕಾತಿ ಪತ್ರದ ಷರತ್ತು 9 ("ಲೇಖಕನು ತನ್ನ ಕೆಲಸದ ಬಗ್ಗೆ ಮನೆಯವರೂ ಸೇರಿದಂತೆ ಯಾರಲ್ಲೂ ಬಾಯಿ ಬಿಡತಕ್ಕದ್ದಲ್ಲ").

ಮಾನ್ಯರೇ,

ಆರು ವರ್ಷದಿಂದ ಕಂಡವರ ಮಕ್ಕಳ ಪ್ರಬಂಧ ಬರೆದು ಸೊಂಟ ಹಿಡಿಸಿಕೊಂಡಿರುವ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಮಗಳಿಗೆ ಶಾಲೆಯ ಶೂ ಬೇಕಾದ ಕಾರಣ, ಸಿಬ್ಬಂದಿ ರಿಯಾಯಿತಿಯಲ್ಲಿ ನಮ್ಮ ಮಳಿಗೆಯಿಂದಲೇ ತರಿಸಿದೆ. ಮಗಳು ಫೋನಿನಲ್ಲಿ ನೋಡಿ ಆರಿಸಿದ ಶೂ ಚಿತ್ರದ ಕೆಳಗೆ "ಪ್ರಬಂಧ ನಮಗೆ ಬಿಡಿ, ನೀವು ಆಟಕ್ಕೆ ನಡೀರಿ" ಎಂಬ ಜಾಹೀರಾತಿತ್ತು. ಅದನ್ನು ಬರೆದವನೂ ನಾನೇ.

2. ಮರುವಾರ ಬಂದ ಆರ್ಡರ್ 4416ರ ವಿಷಯ "ನನ್ನ ಅಪ್ಪ". ನಿಯಮದಂತೆ ಗ್ರಾಹಕರ ಹೆಸರಿರಲಿಲ್ಲ. ಮಾಹಿತಿ ಕಾಲಂನಲ್ಲಿ, "ಅಪ್ಪ ಮನೇಲೇ ಇರ್ತಾರೆ. ಬಾಗಿಲು ಹಾಕ್ಕೊಂಡು ಕಂಪ್ಯೂಟರ್ ಮುಂದೆ ಕೂತಿರ್ತಾರೆ. ಕೆಮ್ಮು ಕೇಳ್ಸುತ್ತೆ. ಉಳಿದಿದ್ದು ನೀವೇ ಸೇರಿಸಿ" ಎಂದಿತ್ತು. ಎಂಥ ಅಪ್ಪನಪ್ಪಾ ಇವನು ಎಂದು ಬೈದುಕೊಂಡೆ (ಕೆಮ್ಮುತ್ತಲೇ). ಆ ಮಗುವಿನ ಮೇಲೆ ಮರುಕ ಹುಟ್ಟಿ, ಸೈಕಲ್ ಕಲಿಸುವ, ಜ್ವರ ಬಂದಾಗ ಹಾಸಿಗೆ ಪಕ್ಕ ಕೂರುವ ಅಪ್ಪನೊಬ್ಬನನ್ನು ಧಾರಾಳವಾಗಿ ಬರೆದುಕೊಟ್ಟೆ.

3. ಪೋಷಕರ ಸಭೆಯಲ್ಲಿ ಟೀಚರು ನನ್ನ ಮಗಳ ಪ್ರಬಂಧವನ್ನು ಎಲ್ಲರೆದುರು ಓದಿದರು. ಎರಡನೇ ವಾಕ್ಯಕ್ಕೇ ಗುರುತು ಸಿಕ್ಕಿತು, ಅದು ನನ್ನದೇ ಸರಕು. ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಬೇರೆ ತಟ್ಟಿಸಿದರು. ನಮ್ಮ ಮನೆಯಲ್ಲಿ ಸೈಕಲ್ಲೇ ಇಲ್ಲ ಸ್ವಾಮಿ. ಮಗಳು ನೆಲದ ಟೈಲ್ಸ್ ಎಣಿಸುತ್ತಿದ್ದಳು. ನಾನೂ ಎಣಿಸಿದೆ.

4. ವಾಪಸು ಬರುವಾಗ ಬಸ್ಸಿನಲ್ಲಿ, ಯಾಕಮ್ಮ ಬೇರೆಯವರ ಕೈಲಿ ಬರೆಸಿದೆ ಎಂದು ಬೈಯದೇ ಕೇಳಿದೆ. ಕಿಟಕಿ ಕಡೆ ತಿರುಗಿ, "ನಾನೇ ಬರೆಯೋಕೆ ಕೂತೆ ಅಪ್ಪ. ಮೂರು ಸಾಲಿಗೇ ಮುಗಿದುಹೋಯ್ತು" ಎಂದಳು. ಅರ್ಜಿಯಲ್ಲಿ ಇಂಥದ್ದನ್ನು ನಮೂದಿಸುವ ಪದ್ಧತಿ ಇಲ್ಲವೆಂದು ಬಲ್ಲೆ, ಆದರೂ ನಮೂದಿಸಿದ್ದೇನೆ.

5. ಮಾರನೇ ದಿನ ಅವಳೇ ಟೀಚರ ಬಳಿ ಹೋಗಿ ತಪ್ಪೊಪ್ಪಿಕೊಂಡು, ಸೋಮವಾರದೊಳಗೆ ಸ್ವಂತವಾಗಿ ಬರೆದುಕೊಡುತ್ತೇನೆಂದು ಹೇಳಿ ಬಂದಿದ್ದಾಳೆ. ಈ ಧೈರ್ಯ ನನ್ನ ಕಡೆಯದಲ್ಲ, ಅವರಮ್ಮನ ಕಡೆಯದು. ಮೂರು ಸಾಲು ಸಾಲದ ಕಾರಣ, ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಈಗ ನನ್ನೆದುರು ಕೂತಿದ್ದಾಳೆ.

ಆದ್ದರಿಂದ, ಕೊಂಡವಳು ಒಪ್ಪಿಕೊಂಡಿರುವ ಕಾರಣ, ಮಾರಿದವನು ಇನ್ನೂ ಒಪ್ಪಿಕೊಳ್ಳದಿರುವ ಕಾರಣ, ಷರತ್ತು 9ನ್ನು ನನ್ನ ಮಟ್ಟಿಗೆ ಸಡಿಲಿಸಬೇಕಾಗಿ ಕೋರುತ್ತೇನೆ. ಆಗದಿದ್ದಲ್ಲಿ ಇದನ್ನೇ ರಾಜೀನಾಮೆ ಎಂದು ಪರಿಗಣಿಸುವುದು.

ತಮ್ಮ ವಿಶ್ವಾಸಿ (ಇವತ್ತಿನ ಮಟ್ಟಿಗೆ),
ಲೇಖಕ ಸಂಖ್ಯೆ 27

ಲಗತ್ತುಗಳು:
1. ಆರ್ಡರ್ 4416ರ ನಕಲು.
2. ಸದರಿ ಪ್ರಬಂಧ, "ಇಂಥ ಅಪ್ಪ ಎಲ್ಲರಿಗೂ ಸಿಗಲಿ" ಎಂಬ ಟೀಚರ ಷರಾ ಸಹಿತ.
3. ಮಗಳ ಪ್ರಶ್ನೆಗಳು, ಒಟ್ಟು ಇಪ್ಪತ್ತೆರಡು. ಮೊದಲನೆಯದು: "ಅಪ್ಪ, ನೀನು ಏನು ಕೆಲಸ ಮಾಡ್ತೀಯ?"

ವಿ.ಸೂ.: ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಾಳೆ. ದಯವಿಟ್ಟು ಕೂಡಲೇ ತಿಳಿಸುವುದು.